ಅಂಕಿಗಳಲ್ಲಿದ್ದ ಎರಡು ಹಾಳೆ

ಮಾರ್ಷ್‌ಫರ್ಡ್
ಅಕ್ಟೋಬರ್ 20, 1782

ಪ್ರಿಯ ಸೈಲಸ್,

ನಿನ್ನ ತಮ್ಮ ಜೋತಮ್‌ಗೆ ನಿನ್ನೆ ಮರಣದಂಡನೆ ವಿಧಿಸಿದ್ದಾರೆ. ತೀರ್ಪಿನ ಪ್ರತಿಯನ್ನು ನಮ್ಮ ಆಡಳಿತ ಮಂಡಳಿಯ ಗುಮಾಸ್ತ ಅಮೋಸ್ ಟಿಲ್ ಸಂಜೆ ನಾಲ್ಕಕ್ಕೆ ತಂದುಕೊಟ್ಟ. ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡವೆಂದು ನಾನೇ ಬರೆಯುತ್ತಿದ್ದೇನೆ.

ಕಳೆದ ವರ್ಷ ಆಗಸ್ಟ್‌ನಲ್ಲಿ ಶತ್ರು ರಾಜನ ಸೈನಿಕರು ಜೌಗಿನ ಹಿಂದಿನ ದಾರಿಯಿಂದ ಹೋಲ್ಮ್ ಕ್ರೀಕ್ ಹಳ್ಳಿಗೆ ನುಗ್ಗಿದರು. ದಾರಿ ತೋರಿಸಿದವನು ಜೋತಮ್. ದೋಣಿಯಲ್ಲಿ ದಾಟಿಸಿದವನು ರೂಬೆನ್ ಕ್ರೇನ್ ಎಂಬ ಅಂಬಿಗ. ಹತ್ತೊಂಬತ್ತು ಮನೆ ಸುಟ್ಟವು. ನಾಲ್ವರು ಸತ್ತರು, ಅವರಲ್ಲಿ ಒಂದು ಮೂರು ವರ್ಷದ ಮಗು. ಇಬ್ಬರಿಗೂ ಒಂದೇ ಶಿಕ್ಷೆ. ನಮ್ಮ ಸೈನ್ಯದವರು ತನ್ನ ಎತ್ತುಗಳನ್ನು ಹೊಡೆದುಕೊಂಡು ಹೋದ ದಿನದಿಂದ ತಾನು ಯಾವ ಕಡೆಯವನೂ ಅಲ್ಲ ಎಂದು ಜೋತಮ್ ನ್ಯಾಯಾಲಯದಲ್ಲಿ ಹೇಳಿದ. ದಾರಿ ತೋರಿಸಿದ್ದನ್ನು ಅಲ್ಲಗಳೆಯಲಿಲ್ಲ.

ಇವತ್ತು ಬೆಳಿಗ್ಗೆ ಜೈಲಿಗೆ ಹೋಗಿದ್ದೆ.

"ಏನ್ರೀ ಅಧ್ಯಕ್ಷರೇ, ಗೋಡೆ ನೋಡೋಕೆ ಬಂದ್ರಾ, ನನ್ನ ನೋಡೋಕೆ ಬಂದ್ರಾ?" ಎಂದ ಜೋತಮ್.

"ನಿನ್ನನ್ನೇ."

"ಹಾಗಾದ್ರೆ ನಿಂತ್ಕೊಂಡೇ ನೋಡಿ. ಇದ್ದ ಒಂದು ಕುರ್ಚೀನ ಕ್ರೇನ್ ಸುಟ್ಟು ಮೈ ಕಾಯಿಸ್ಕೊಂಡ."

ಮೂಲೆಯಿಂದ ಕ್ರೇನ್ ಹೇಳಿದ: "ಅದರ ಕಾಲು ಮುರಿದಿತ್ತು ಸ್ವಾಮಿ. ಶಿಕ್ಷೆ ನಾನೇ ಜಾರಿ ಮಾಡ್ದೆ."

ನಿನಗೆ ಏನು ಬರೆಯಲಿ ಎಂದು ಜೋತಮ್‌ನನ್ನು ಕೇಳಿದೆ. "ಏನೂ ಬೇಡ. ಅಣ್ಣ ಅಲ್ಲಿ ದೊಡ್ಡವರ ಪಂಕ್ತೀಲಿ ಊಟಕ್ಕೆ ಕೂತಿರ್ತಾನೆ. ಸುಮ್ನೆ ಯಾಕೆ ಅವನ ತುತ್ತು ಕೆಡಿಸ್ತೀರಿ" ಎಂದ.

ಕಾನೂನು ನಿನಗೆ ಗೊತ್ತು. ಕ್ಷಮೆ ಕೊಡುವುದು ಮಂಡಳಿಯ ಒಂಬತ್ತು ಜನ. ದಿನ ಮುಂದೂಡುವುದು ಅಧ್ಯಕ್ಷನಾದ ನನ್ನೊಬ್ಬನ ಕೈಯಲ್ಲಿದೆ. ಮಾರ್ಚ್ 4ರವರೆಗೆ ಮುಂದೂಡಿದ್ದೇನೆ. ಅದಕ್ಕಿಂತ ಆಚೆಗೆ ತಳ್ಳಲು ಹೋಲ್ಮ್ ಕ್ರೀಕಿನ ಜನರ ಮುಂದೆ ಇಡಬಹುದಾದ ಒಂದು ಕಾರಣ ಬೇಕು. ನೀನು ಶಾಂತಿ ಮಾತುಕತೆಯ ಕಾರ್ಯದರ್ಶಿ. ಕಾರಣ ಸಿಗುವುದಿದ್ದರೆ ಅಲ್ಲೇ ಸಿಗಬೇಕು. ಕಳಿಸು.

ನಿನ್ನ
ಥಿಯೋಫಿಲಸ್ ಬ್ರಾಂಟ್


ಪ್ಯಾರಿಸ್
ಡಿಸೆಂಬರ್ 4, 1782

ಪ್ರಿಯ ಥಿಯೋ,

ನಿನ್ನ ಅಕ್ಟೋಬರ್ 20ರ ಪತ್ರ ನವೆಂಬರ್ 27ರಂದು ತಲುಪಿತು.

ಎಲ್ಲರೆದುರು ಹೇಳಬಹುದಾದ ಸುದ್ದಿ ಇಷ್ಟು: ನವೆಂಬರ್ 30ರಂದು ನಮ್ಮವರೂ ರಾಜನ ಕಡೆಯವರೂ ಒಂದು ಕರಡು ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ಫ್ರಾನ್ಸಿಗೂ ರಾಜನಿಗೂ ಇರುವ ಲೆಕ್ಕ ಬಗೆಹರಿಯುವವರೆಗೆ ಅದು ಜಾರಿಗೆ ಬರುವುದಿಲ್ಲ. ಕಲಮುಗಳು ಗುಟ್ಟು. ನನ್ನ ಆರೋಗ್ಯ ಚೆನ್ನಾಗಿದೆ. ಚಳಿ ಬೇಗ ಬಂದಿದೆ. ನೀನು ಬರೆದ ವಿಷಯವನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಅದು ಗೊತ್ತಾದರೆ ಕರಡಿನ ಕಾಗದಗಳನ್ನು ನನ್ನ ಕೈಗೆ ಕೊಡುವರೋ ಇಲ್ಲವೋ.

ಇಲ್ಲಿನ ಅಂಚೆಯಲ್ಲಿ ಲಕೋಟೆಗಳಿಗೆ ಹಬೆ ಹಿಡಿದು ಬಿಚ್ಚುತ್ತಾರೆ. ಸಮುದ್ರದಲ್ಲಿ ಶತ್ರು ಹಡಗುಗಳು ಇನ್ನೂ ಓಡಾಡುತ್ತಿವೆ. ಆದ್ದರಿಂದ ಮುಖ್ಯ ಮಾತನ್ನು ಜೊತೆಯ ಎರಡು ಹಾಳೆಗಳಲ್ಲಿ, ನಮ್ಮ ಗುಪ್ತ ಅಂಕಿಗಳಲ್ಲಿ ಬರೆದಿದ್ದೇನೆ. ಕ್ಯಾಪ್ಟನ್ ಗಾರ್ಡಿನರ್ ಇದನ್ನು ನಿನ್ನ ಕೈಗೇ ಕೊಟ್ಟು ರಸೀದಿ ಪಡೆಯಬೇಕೆಂದು ಹೇಳಿದ್ದೇನೆ.

ಬಂದ ತಕ್ಷಣ ಓದು.

ನಿನ್ನ
ಸೈಲಸ್ ಹಾರ್ಲೋ

88. 417. 9. 230. 51. 306. 12. 564. 7. 143. 390. 28. 611. 75. 202. 9. 430. 118. 366. 41. 507. 12. 95. 288...


ಮಾರ್ಷ್‌ಫರ್ಡ್
ಮಾರ್ಚ್ 9, 1783

ಪ್ರಿಯ ಸೈಲಸ್,

ಜೋತಮ್ ಹಾರ್ಲೋನನ್ನು ಮಾರ್ಚ್ 4, ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಗಲ್ಲಿಗೇರಿಸಲಾಯಿತು. ಶಿಕ್ಷೆ ಜಾರಿ ಮಾಡಿದ ಶೆರಿಫ್ ಹನ್ನೊಂದಕ್ಕೆ ಬಂದು ವರದಿ ಕೊಟ್ಟರು. ನಾನು ಅಲ್ಲಿಗೆ ಹೋಗಿರಲಿಲ್ಲ. ತಡವಾಗಲಿಲ್ಲ, ಒಂದೇ ಸಲಕ್ಕೆ ಆಯಿತು ಎಂದು ಶೆರಿಫ್ ಹೇಳಿದರು. ಪ್ರಾರ್ಥನೆಗೆ ಪಾದ್ರಿ ಬಂದಾಗ ಜೋತಮ್, "ಬೇಗ ಮುಗಿಸಿ, ನಿಮಗೂ ಚಳಿ" ಎಂದನಂತೆ.

ನಿನ್ನ ಡಿಸೆಂಬರ್ 4ರ ಪತ್ರವನ್ನು ಮಾರ್ಚ್ 7ರಂದು ಮಂಡಳಿಯ ಮುಂದೆ ಪೂರ್ತಿ ಓದಲಾಯಿತು. ಮೂರು ದಿನ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಮಧ್ಯಾಹ್ನ ದೇಹ ಒಯ್ಯಲು ಅವನ ಹೆಂಡತಿ ಕೆಜಾಯಾ ಗಾಡಿ ಕಟ್ಟಿಕೊಂಡು ಜೈಲಿಗೆ ಬಂದಾಗ ನಾನೂ ಅಲ್ಲಿದ್ದೆ. ಅಳಲಿಲ್ಲ. "ಬೂಟು ಎಲ್ಲಿ?" ಎಂದು ಶೆರಿಫರನ್ನು ಕೇಳಿದಳು.

"ಕಾವಲಿನವರು ತಗೊಂಡ್ರಮ್ಮ. ಅದು ರೂಢಿ."

"ಎಡಗಾಲಿಂದು ಒತ್ತುತ್ತೆ ಅಂತ ಹೇಳಿ ಅವರಿಗೆ. ಹೊಸದ್ರಲ್ಲಿ ಇವ್ರೂ ಕುಂಟ್ತಿದ್ರು."

ಆಮೇಲೆ ನನ್ನ ಕಡೆ ತಿರುಗಿ, "ಭಾವನವರ ಕಾಗದ ಬಂತಾ?" ಎಂದಳು. ಕೇಳುತ್ತಲೇ ಗಾಡಿ ಹೊರಡಿಸಿದಳು.

ಕ್ರೇನ್‌ಗೆ ಜೈಲಿನ ಜ್ವರ. ನಿಲ್ಲಲೂ ಆಗದವನನ್ನು ಗಲ್ಲಿಗೆ ಒಯ್ಯುವಂತಿಲ್ಲ ಎಂದು ವೈದ್ಯರು ಬರೆದುಕೊಟ್ಟಿದ್ದರಿಂದ ಅವನದನ್ನು ಮುಂದಕ್ಕೆ ಹಾಕಲಾಗಿದೆ.

ನಿನ್ನ
ಥಿಯೋ


ಪ್ಯಾರಿಸ್
ಮೇ 6, 1783

ಪ್ರಿಯ ಥಿಯೋ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಮೊದಲ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಹೊಟ್ಟೆನೋವು ಎಂದು ಹೇಳಿಕಳಿಸಿದೆ.

ಮೂರು ದಿನ ಎಂದು ನೀನು ಬರೆದ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಗಾರ್ಡಿನರ್‌ನ ಹಡಗು ಗಾಳಿಗೆ ಸಿಕ್ಕಿ ಅಝೋರ್ಸ್ ದ್ವೀಪಗಳ ಹತ್ತಿರ ಎರಡು ವಾರ ನಿಂತಿತ್ತೆಂದು ಬಂದರಿನವರು ಹೇಳುತ್ತಾರೆ. ಆ ಎರಡು ವಾರವೇ ಅವನನ್ನು ತಿಂದಿತು. ನೀನು ನಿನ್ನನ್ನು ದೂರಿಕೊಳ್ಳುತ್ತಿರಬಹುದು. ಬೇಡ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಊರಿನ ಸಿಟ್ಟನ್ನು ಎದುರಿಸಿ ತಡೆದವನು ನೀನು. ಬೇರೆ ಯಾರಾದರೂ ಆ ಕುರ್ಚಿಯಲ್ಲಿದ್ದಿದ್ದರೆ ಕ್ರಿಸ್ಮಸ್ ಕೂಡ ಅವನು ನೋಡುತ್ತಿರಲಿಲ್ಲ.

ಕೆಜಾಯಾಗೆ ಕಾಗದ ತಡವಾಯಿತೆಂದು ಹೇಳು. ನಾನು ಬರೆಯದೇ ಇರಲಿಲ್ಲ ಎಂದೂ ಹೇಳು.

ನಿನ್ನ
ಸೈಲಸ್


ಪ್ಯಾರಿಸ್
ಜೂನ್ 2, 1783

ಥಿಯೋ,

ಕ್ಯಾಪ್ಟನ್ ಗಾರ್ಡಿನರ್ ಮತ್ತೊಂದು ಸರಕು ತಂದು ಮೊನ್ನೆ ಇಲ್ಲಿಗೆ ಬಂದಿದ್ದ. ಗಾಳಿಯ ವಿಷಯ ಕೇಳಿದೆ.

"ಗಾಳಿನಾ? ಹೋದ ಚಳಿಗಾಲದಷ್ಟು ಒಳ್ಳೇ ಗಾಳಿ ನಾನು ಕಂಡೇ ಇಲ್ಲ ಸ್ವಾಮಿ. ಅಝೋರ್ಸ್‌ನಲ್ಲಿ ನಿಂತಿದ್ದು ನಾನಲ್ಲ, ನನ್ನ ಷಡ್ಡಕ. ಅವನ ಹಡಗು ತೊಟ್ಟಿ ಇದ್ದಂಗೆ, ನಿಂತ್ರೆ ನಿಂತೇಬಿಡುತ್ತೆ."

"ಹಾಗಾದರೆ ಮಾರ್ಷ್‌ಫರ್ಡ್‌ಗೆ ಯಾವತ್ತು ಮುಟ್ಟಿಸಿದೆ?"

"ರಸೀದಿ ಇದೆಯಲ್ಲ. ನಿಮಗೆ ಕೊಡೋಕೇ ಅಂತ ಇಟ್ಕೊಂಡಿದ್ದೆ."

ರಸೀದಿ ನನ್ನ ಮುಂದಿದೆ. ಫೆಬ್ರವರಿ 26, ಮಧ್ಯಾಹ್ನ ಎರಡು ಗಂಟೆ. ಕೆಳಗಿರುವುದು ನಿನ್ನ ಸಹಿ.

ಮಾರ್ಚ್ 4ಕ್ಕೆ ಆರು ದಿನ ಇತ್ತು. ಆ ಆರು ದಿನ ನನ್ನ ಪತ್ರ ಎಲ್ಲಿತ್ತು? ಕೇಳುವುದು ಇಷ್ಟೇ.

ಸೈಲಸ್


ಮಾರ್ಷ್‌ಫರ್ಡ್
ಜುಲೈ 10, 1783

ಪ್ರಿಯ ಸೈಲಸ್,

ನಿನ್ನ ಮೇ 6ರ ಪತ್ರ ನಿನ್ನೆ ಬಂತು. ಇಷ್ಟು ದೊಡ್ಡ ಮನಸ್ಸನ್ನು ನಿನ್ನಿಂದಲ್ಲದೆ ಇನ್ಯಾರಿಂದ ನಿರೀಕ್ಷಿಸಲಿ. ನೀನು ಹೇಳಿದ್ದು ನಿಜ, ಸಮುದ್ರದ ಮೇಲೆ ಯಾರ ಅಧಿಕಾರವೂ ನಡೆಯದು. ಆ ಎರಡು ವಾರ ಸಿಕ್ಕಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತು ಎಂದು ನಾನೂ ಅಂದುಕೊಳ್ಳುತ್ತೇನೆ.

ಕೆಜಾಯಾಗೆ ನೀನು ಹೇಳಿದಂತೆಯೇ ಹೇಳಿಕಳಿಸಿದ್ದೇನೆ. ಹಳೇ ಸ್ಮಶಾನದಲ್ಲಿ ಜಾಗ ಕೊಡಲು ಊರಿನವರು ಒಪ್ಪಲಿಲ್ಲ. ತನ್ನ ಹೊಲದಂಚಿನಲ್ಲೇ ಹೂತಳು. ಹೆಸರು ಕೆತ್ತಿಸುವುದಿಲ್ಲ ಎಂದಾದರೆ ಅಲ್ಲಿ ಒಂದು ಕಲ್ಲು ಇಡಿಸಲು ನನ್ನ ಅಡ್ಡಿಯಿಲ್ಲ.

ಕ್ರೇನ್ ಚೇತರಿಸಿಕೊಳ್ಳುತ್ತಿದ್ದಾನೆ.

ನಿನ್ನ
ಥಿಯೋ


ಮಾರ್ಷ್‌ಫರ್ಡ್
ಜುಲೈ 30, 1783

ಪ್ರಿಯ ಸೈಲಸ್,

ನಿನ್ನ ಜೂನ್ 2ರ ಪತ್ರ ಈಗ ಬಂತು. ನನ್ನ ಹಿಂದಿನ ಪತ್ರ ನಿನ್ನ ಕೈ ಸೇರುವ ಮೊದಲು ಇದು ಸೇರಲಿ ಎಂದು ಆಸೆ. ಆದರೆ ಅದು ಹೊರಟು ಇಪ್ಪತ್ತು ದಿನವಾಗಿದೆ.

ಲಕೋಟೆ ಫೆಬ್ರವರಿ 26ರಂದೇ ಬಂದದ್ದು ಹೌದು. ಯಾವ ಅಂಕಿಗೆ ಯಾವ ಪದವೆಂಬ ಪಟ್ಟಿ ಇರುವುದು ಅಮೋಸ್ ಟಿಲ್‌ನ ಬಳಿ. ಯುದ್ಧ ಮುಗಿಯಿತೆಂಬ ಸುದ್ದಿ ಗಾಳಿಯಲ್ಲಿತ್ತು, ಕೆಲಸ ಕಡಿಮೆಯಾಗಿತ್ತು. ಅವನು ಮಗಳ ಬಾಣಂತನಕ್ಕೆಂದು ಹೊಳೆಯಾಚೆ ಹೋಗಿದ್ದ. ಹೊಳೆಯ ಮೇಲಿನ ಮಂಜುಗಡ್ಡೆ ಒಡೆಯುತ್ತಿತ್ತು. ನಡೆದು ದಾಟುವಂತಿರಲಿಲ್ಲ, ದೋಣಿ ಇಳಿಸುವಂತೆಯೂ ಇರಲಿಲ್ಲ. ಪಟ್ಟಿಯನ್ನು ಅವನು ಅಂಗಿಯೊಳಗೆ ಹೊಲಿದುಕೊಂಡೇ ತಿರುಗುತ್ತಾನೆ. ಹಾಗೆ ಮಾಡೆಂದು ಹೇಳಿದವರು ನಾವೇ. ಮಾರ್ಚ್ 6ರಂದು ಅವನು ದಾಟಿ ಬಂದ.

"ಹೆಣ್ಣು ಮಗು ಯಜಮಾನ್ರೇ, ಕೂದಲು ಪೂರ್ತಿ ಕೆಂಪು" ಎನ್ನುತ್ತಾ ಒಳಗೆ ಬಂದ. ಹಾಳೆಗಳನ್ನು ಅವನ ಮುಂದೆ ಇಟ್ಟೆ. ಕೂತು ಬಿಡಿಸಿದ. ಮುಗಿಸಿ ಪೆನ್ನು ಕೆಳಗಿಟ್ಟು, "ಇದು ಯಾವತ್ತು ಬಂದಿದ್ದು?" ಎಂದು ಕೇಳಿದ. ಹೇಳಿದೆ. ಅವನು ಮತ್ತೆ ಮಗುವಿನ ವಿಷಯ ಎತ್ತಲಿಲ್ಲ.

ಮೊದಲೇ ಇದನ್ನು ನಿನಗೆ ಬರೆಯಬೇಕಿತ್ತು. ಓದಲಾಗದ ಪತ್ರ ಆರು ದಿನ ಮೇಜಿನ ಮೇಲಿತ್ತು ಎಂದು ಬರೆಯುವ ಧೈರ್ಯ ನನಗಾಗಲಿಲ್ಲ.

ಇನ್ನೊಂದು ವಿಷಯ. ಕ್ರೇನ್‌ನ ಶಿಕ್ಷೆ ಜಾರಿ ಮಾಡಬೇಕೆಂದು ಮಂಡಳಿಯಲ್ಲಿ ಕೆಲವರು ಪಟ್ಟು ಹಿಡಿದಿದ್ದಾರೆ. ಅಂತಿಮ ಒಪ್ಪಂದಕ್ಕೆ ನಮ್ಮ ಕಾಂಗ್ರೆಸ್ಸು ಇನ್ನೂ ಅಂಗೀಕಾರ ಕೊಟ್ಟಿಲ್ಲ, ಅಲ್ಲಿಯವರೆಗೆ ನೀನು ಬರೆದ ಆರನೇ ಕಲಮು ನಮ್ಮನ್ನು ಕಟ್ಟಿಹಾಕದು ಎಂಬುದು ಅವರ ವಾದ. ಅದಕ್ಕೆ ಬೆಂಬಲವಾಗಿ ನಿನ್ನ ಪತ್ರದ ಒಂದು ಸಾಲನ್ನೇ ಎತ್ತಿ ಹೇಳುತ್ತಾರೆ. ಯಾವ ಸಾಲೆಂದು ನಿನಗೆ ಗೊತ್ತು. ಮಂಡಳಿಯ ಸದಸ್ಯ ಎಲಿಫಲೆಟ್ ಮೂರ್ ಹೋದ ಸೋಮವಾರ, "ಹಾರ್ಲೋ ಅವರೇ ಇವನನ್ನ ತಗೊಳ್ಳಿ ಅಂದಿದ್ದಾರಲ್ಲಪ್ಪ, ನಮಗ್ಯಾಕೆ ದಾಕ್ಷಿಣ್ಯ" ಎಂದರು. ನಾಲ್ಕು ಜನ ನಕ್ಕರು.

ನಿನ್ನ
ಥಿಯೋ


ಪ್ಯಾರಿಸ್
ಸೆಪ್ಟೆಂಬರ್ 12, 1783

ಮಂಡಳಿಯ ಮಾನ್ಯ ಅಧ್ಯಕ್ಷರಾದ ಶ್ರೀ ಬ್ರಾಂಟ್ ಅವರಿಗೆ,

ಅಂತಿಮ ಒಪ್ಪಂದಕ್ಕೆ ಸೆಪ್ಟೆಂಬರ್ 3ರಂದು ಸಹಿಯಾಯಿತು. ಕಲಮು ಕಲಮಾಗಿ ಪ್ರತಿಗಳನ್ನು ತಾಳೆ ನೋಡಿದವರಲ್ಲಿ ನಾನೂ ಒಬ್ಬ. ತಮ್ಮ ಜುಲೈ 10ರ ಮತ್ತು 30ರ ಪತ್ರಗಳು ಒಂದೇ ಚೀಲದಲ್ಲಿ, ಒಂದೇ ದಿನ ಬಂದವು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದೆ.

ಈ ಪತ್ರ ಅಂಕಿಗಳಲ್ಲಿಲ್ಲ. ದಾರಿಯಲ್ಲಿ ಯಾರು ಬಿಚ್ಚಿ ಓದಿದರೂ ಚಿಂತೆಯಿಲ್ಲ. ಮಂಡಳಿಯ ಒಂಬತ್ತೂ ಜನರ ಮುಂದೆ ಇದನ್ನು ಓದಿಸಬೇಕೆಂದು ಕೋರುತ್ತೇನೆ.

ಅಂಕಿಗಳ ಪಟ್ಟಿಯನ್ನು ನಾವು 1779ರಲ್ಲಿ ತಮ್ಮ ಊಟದ ಮೇಜಿನ ಮೇಲೆ ಮೂರು ದಿನ ಕೂತು ಮಾಡಿದೆವು. ಜೋತಮ್ ಹಾಳೆಗಳಿಗೆ ಗೆರೆ ಎಳೆದುಕೊಟ್ಟ. ಆರುನೂರ ಇಪ್ಪತ್ತು ಪದಗಳಿಗೆ ಅಂಕಿ ಆರಿಸಿದವರು ತಾವು. ನಾನು ಮರೆಯುತ್ತಿದ್ದೆ, ತಾವು ಮರೆಯುತ್ತಿರಲಿಲ್ಲ. "ಇವರ ತಲೆ ತೆಗೆದ್ರೆ ಸಾಕು, ಪಟ್ಟಿ ಯಾಕೆ ಕದೀಬೇಕು ಶತ್ರುಗಳು" ಎಂದು ಜೋತಮ್ ತಮ್ಮನ್ನು ಗೇಲಿ ಮಾಡಿದ್ದ. ಯುದ್ಧದ ಮೂರು ವರ್ಷ ನನ್ನ ಪತ್ರಗಳನ್ನು ತಾವು ಕಾಫಿ ಕುಡಿಯುತ್ತಲೇ, ಪಟ್ಟಿ ನೋಡದೆ ಬಿಡಿಸುತ್ತಿದ್ದಿರಿ ಎಂದು ತಾವೇ ನನಗೆ ಬರೆದಿದ್ದೀರಿ. ಆ ಪತ್ರ ನನ್ನ ಬಳಿ ಇದೆ. ಅಮೋಸ್ ಟಿಲ್ ಹೊಳೆಯ ಯಾವ ದಡದಲ್ಲಿದ್ದ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ.

ಈಗ ನನ್ನ ತಪ್ಪು. ಆ ಎರಡು ಹಾಳೆಗಳಲ್ಲಿ ಇದ್ದದ್ದು ಇದು:

"ನೀನು ಕೇಳಿದ ಕಾರಣ ಇಲ್ಲಿದೆ. ಕರಡಿನ ಆರನೇ ಕಲಮಿನ ಪ್ರಕಾರ ಯುದ್ಧದಲ್ಲಿ ಯಾವ ಕಡೆ ನಿಂತರೆಂಬ ಕಾರಣಕ್ಕೆ ಇನ್ನು ಯಾರನ್ನೂ ಶಿಕ್ಷಿಸುವಂತಿಲ್ಲ, ಅಂಥ ಆಪಾದನೆಯ ಮೇಲೆ ಬಂಧನದಲ್ಲಿರುವವರನ್ನು ಬಿಡಬೇಕು. ಇದು ಬಹಿರಂಗವಾಗುವವರೆಗೆ ಹೇಗಾದರೂ ಮಾಡಿ ಜೋತಮ್‌ನನ್ನು ಉಳಿಸು. ಕ್ರೇನ್ ಎಂಬವನ ಪರಿಚಯ ನನಗಿಲ್ಲ. ಊರಿಗೆ ಒಬ್ಬನಾದರೂ ಬೇಕೇ ಬೇಕೆಂದಾದರೆ ಅವನನ್ನು ತೆಗೆದುಕೊಳ್ಳಲಿ."

ಕೊನೆಯ ಸಾಲನ್ನು ಯಾರೂ ನನ್ನಿಂದ ಬರೆಸಲಿಲ್ಲ. ಕಲಮನ್ನು ನನ್ನ ಕೈಯಾರೆ ನಕಲು ಮಾಡಿದ ಮೇಲೆ, ಅದು ಇಬ್ಬರಿಗೂ ಅನ್ವಯಿಸುತ್ತದೆಂದು ಗೊತ್ತಿದ್ದೇ ಬರೆದೆ. ಅಂಕಿಗಳಲ್ಲಿ ಬರೆಯುವಾಗ ಅದು ಅಷ್ಟು ಕೆಟ್ಟದಾಗಿ ಕಾಣಲಿಲ್ಲ. ಈಗ ಅಕ್ಷರಗಳಲ್ಲಿ ಬರೆಯಲು ಎರಡು ಸಲ ಪೆನ್ನು ಕೆಳಗಿಡಬೇಕಾಯಿತು.

ಆ ಸಾಲನ್ನು ಹಿಂತೆಗೆದುಕೊಳ್ಳುತ್ತೇನೆ. ಶ್ರೀ ಮೂರ್ ಅವರೂ ನಕ್ಕ ನಾಲ್ವರೂ ಅದನ್ನು ಇನ್ನು ಬಳಸಬಾರದು. ರೂಬೆನ್ ಕ್ರೇನ್‌ನ ಪ್ರಾಣವನ್ನು ಮಂಡಳಿಯಿಂದ ಬೇಡುತ್ತಿದ್ದೇನೆ. ಅವನು ಅಂಬಿಗ. ಬಂದೂಕು ಹಿಡಿದವರು ದಾಟಿಸು ಎಂದರು, ದಾಟಿಸಿದ. ಕಾಂಗ್ರೆಸ್ಸಿನ ಅಂಗೀಕಾರ ಬರುವುದು ಕೆಲವೇ ವಾರಗಳ ಮಾತು. ಆಮೇಲೆ ಅವನನ್ನು ಬಿಡಲೇಬೇಕು. ಅದು ಗೊತ್ತಿದ್ದೂ ಅದಕ್ಕಿಂತ ಮೊದಲೇ ಅವನನ್ನು ಕೊಂದರೆ ಅದನ್ನು ನ್ಯಾಯ ಎಂದು ಯಾವ ದೇಶದ ಮುಂದೆಯೂ ನಾನು ಹೇಳಲಾರೆ.

ತಮ್ಮ ವಿಧೇಯ
ಸೈಲಸ್ ಹಾರ್ಲೋ


ಮಾರ್ಷ್‌ಫರ್ಡ್
ನವೆಂಬರ್ 16, 1783

ಮಾನ್ಯ ಶ್ರೀ ಹಾರ್ಲೋ ಅವರಿಗೆ,

ತಮ್ಮ ಸೆಪ್ಟೆಂಬರ್ 12ರ ಪತ್ರ ಶುಕ್ರವಾರ ತಲುಪಿತು. ರಸೀದಿಗೆ ನಾನೇ ಸಹಿ ಹಾಕಿದೆ. ಆ ಕ್ಷಣವೇ ಓದಿದೆ.

ಫೆಬ್ರವರಿ 26ರ ಮಧ್ಯಾಹ್ನ ಗಾರ್ಡಿನರ್ ಲಕೋಟೆ ಕೊಟ್ಟಾಗ ಹೋಲ್ಮ್ ಕ್ರೀಕಿನ ಜನ ನನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಮೂರು ದಿನದಿಂದ ಕೂತಿದ್ದರು. ಮಗು ಕಳೆದುಕೊಂಡವಳೂ ಇದ್ದಳು. ಅವಳ ಗಂಡ ಒಂದು ಬಾಗಿಲಿನ ಕಬ್ಬಿಣದ ತಿರುಗಣಿಯನ್ನು ತಂದು ನನ್ನ ಮುಂದೆ ಇಟ್ಟಿದ್ದ. "ಇದೊಂದು ಉಳೀತು ಸ್ವಾಮಿ. ಇದಕ್ಕೆ ಹೊಂದೋ ಮನೆ ನೀವೇ ಕೊಡಿ" ಎಂದ. "ಮಂಗಳವಾರ ಬರಲಿ, ಗಲ್ಲು ಆಗುತ್ತದೆ" ಎಂದು ನಾನು ಅಂದೆ. ಅಂದಮೇಲೆ ಲಕೋಟೆ ಬಂತು.

ಬಾಗಿಲು ಹಾಕಿಕೊಂಡು ಬಿಚ್ಚಿದೆ. ಮೊದಲ ಸಾಲು ಓದಿದೆ. ಪಟ್ಟಿ ಬೇಕಾಗಲಿಲ್ಲ. ನೀನು ಕೇಳಿದ ಕಾರಣ ಇಲ್ಲಿದೆ ಎಂದಿತ್ತು. ಅಲ್ಲಿಗೆ ಕಣ್ಣು ತೆಗೆದೆ. ಮುಂದೆ ಓದಿದರೆ ಮೆಟ್ಟಿಲ ಬಳಿ ಹೋಗಿ, ಮಂಗಳವಾರ ಇಲ್ಲ, ಮನೆಗೆ ಹೋಗಿ ಎಂದು ಅವರಿಗೆ ಹೇಳಬೇಕಿತ್ತು. ಹಾಳೆಗಳನ್ನು ಮಡಚಿ, ಟಿಲ್ ಬಂದ ಮೇಲೆ ನೋಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಆರು ದಿನ ಅದನ್ನೇ ಹೇಳಿಕೊಂಡೆ. ಅಕ್ಟೋಬರ್‌ನಲ್ಲಿ ಕಾರಣ ಕಳಿಸು ಎಂದು ಬರೆದಾಗ ನೀನು ಕಳಿಸಲಾರೆ ಎಂದೇ ಅಂದುಕೊಂಡಿದ್ದೆ ಸೈಲಸ್. ಕೇಳಿದೆ ಎಂಬ ಸಮಾಧಾನ ಸಾಕಾಗಿತ್ತು ನನಗೆ.

ಇದನ್ನು ಮಂಡಳಿಗೂ ಬರೆದುಕೊಟ್ಟಿದ್ದೇನೆ. ನಾನು ಈ ಕುರ್ಚಿಯಲ್ಲಿ ಮುಂದುವರಿಯಬೇಕೇ ಎಂಬುದನ್ನು ಜನವರಿಯಲ್ಲಿ ನಿರ್ಧರಿಸುತ್ತಾರೆ.

ನಿನ್ನೆ ಕ್ರೇನ್‌ನನ್ನು ನೋಡಿದೆ. ತಮ್ಮ ಎರಡೂ ಪತ್ರಗಳಲ್ಲಿ ಅವನ ಬಗ್ಗೆ ಇರುವುದನ್ನು ಓದಿ ಹೇಳಿದೆ. "ಮೊದಲನೇದು ನಮ್ಮೋರಿಗೆ ಹೇಳ್ಬೇಡಿ. ತಮ್ಮನಿಗೋಸ್ಕರ ಯಾರಾದ್ರೂ ಹಂಗೇ ಬರೀತಾರೆ" ಎಂದ. ಆಮೇಲೆ, "ಎರಡನೇದನ್ನ ಆ ನಗೋರು ಕೇಳಿಸ್ಕೋತಾರಾ?" ಎಂದು ಕೇಳಿದ. ಗೊತ್ತಿಲ್ಲ ಎಂದೆ.

ಎಣಿಕೆ ಹೇಳುತ್ತೇನೆ. ನಾಲ್ಕು ಜನ ಗಲ್ಲಿನ ಪರ, ಮೂವರು ವಿರುದ್ಧ. ಒಬ್ಬರು ಬಾಯಿ ಬಿಟ್ಟಿಲ್ಲ. ನಾನು ಬಿಡುಗಡೆಗೆ ಮತ ಹಾಕುತ್ತೇನೆ. ದಿನ ಮುಂದೂಡುವ ಅಧಿಕಾರವನ್ನು ಮಂಡಳಿ ಸೆಪ್ಟೆಂಬರ್‌ನಲ್ಲಿ ನನ್ನಿಂದ ಹಿಂದಕ್ಕೆ ಪಡೆದಿದೆ.

ರೂಬೆನ್ ಕ್ರೇನ್‌ನ ಕ್ಷಮೆಯ ವಿಚಾರಣೆ ನವೆಂಬರ್ 24, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ. ಮೊದಲು ತಮ್ಮ ಡಿಸೆಂಬರ್ 4ರ ಪತ್ರವನ್ನೂ ಆಮೇಲೆ ಸೆಪ್ಟೆಂಬರ್ 12ರ ಪತ್ರವನ್ನೂ ಅಮೋಸ್ ಟಿಲ್ ಓದುತ್ತಾನೆ. ನಂತರ ಮತದಾನ.

ಥಿಯೋಫಿಲಸ್ ಬ್ರಾಂಟ್